ಮರಳಲ್ಲಿ ಹೂತ ಮದುವೆ ಜೀಪು

ಸೊಣ್ಣಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಶೆಟ್ಟಿಹಳ್ಳಿಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಸಿಟ್ಟನ್ನು ನಾನೇನು ತವರಿನಿಂದ ಕಟ್ಟಿಕೊಂಡು ಬಂದವಳಲ್ಲ. ಮದುವೆಯಾಗಿ ಈ ಊರಿಗೆ ಬರುವ ದಾರಿಯಲ್ಲಿ, ಹಳ್ಳದ ಮರಳಿನಲ್ಲಿ ಹತ್ತಿಕೊಂಡ ಸಿಟ್ಟು ಅದು.

ಐವತ್ತೆಂಟನೇ ಇಸವಿಯ ಬೇಸಿಗೆ. ನನ್ನ ಗಂಡ ಚನ್ನಕೇಶವ ಆ ವರ್ಷವೇ ಹೊಸ ಜೀಪು ತಂದಿದ್ದರು. ಹೆಣ್ಣು ನೋಡಲು ಸೋಲದೇವನಹಳ್ಳಿಗೆ ಬಂದಾಗಲೂ ಅವರ ಬಾಯಲ್ಲಿ ಅದೇ ಜಪ. ಮುಂದಿನ ಗಾಲಿಗಳೂ ಎಳೆಯುತ್ತವಂತೆ, ಎತ್ತಿನ ಗಾಡಿ ನಿಂತ ಕಡೆ ಇದು ನುಗ್ಗುತ್ತದಂತೆ, ಕೆಸರು ಮರಳು ಯಾವುದೂ ಲೆಕ್ಕಕ್ಕಿಲ್ಲವಂತೆ. ನನ್ನನ್ನು ನೋಡಲು ಬಂದವರು ಜೀಪಿನ ಗುಣಗಾನ ಮಾಡಿ, ಕಾಫಿ ಕುಡಿದು, ಎದ್ದು ಹೋದರು. ಆಗ ನನಗೆ ನಗು ಬಂದಿತ್ತು.

ನಮ್ಮ ಮನೆಯ ಮುಂದೆ ಚಪ್ಪರದಲ್ಲಿ ಮದುವೆ ಮುಗಿಯಿತು. ದೀಪ ಹಚ್ಚುವುದರೊಳಗೆ ನನ್ನನ್ನು ಮನೆ ತುಂಬಿಸಿಕೊಳ್ಳಬೇಕು ಎಂದು ಅತ್ತೆ ಅಕ್ಕಯ್ಯಮ್ಮ ಅವಸರ ಮಾಡಿದರು. ಚೆಂಡುಹೂವಿನ ಹಾರ ಹಾಕಿಕೊಂಡ ಜೀಪಿನಲ್ಲಿ ಮುಂದೆ ನಾನು ಮತ್ತು ಇವರು, ಹಿಂದೆ ಅತ್ತೆ ಮತ್ತು ಅವರ ಅಣ್ಣ ಮುನಿಯಲ್ಲಪ್ಪ. ಉಳಿದವರೆಲ್ಲ ಮೊದಲೇ ಗಾಡಿ ಕಟ್ಟಿಕೊಂಡು ಹೊರಟಿದ್ದರು. ಅವರು ಸುತ್ತಿನ ದಾರಿ ಹಿಡಿದಿದ್ದರು. ನಮ್ಮವರಿಗೆ ಮಾತ್ರ ಜೀಪಿನ ಬಲ ತೋರಿಸಬೇಕಿತ್ತು. ಸೀದಾ ಹಳ್ಳಕ್ಕೇ ಇಳಿಸಿದರು.

ಹಳ್ಳ ಬತ್ತಿ ಅಗಲಕ್ಕೆ ಬರೀ ಮರಳು. ಕಾಲಿಟ್ಟರೆ ಕಾಲು ಇಳಿಯುವಂಥ ಸಡಿಲ ಮರಳು. ಅರ್ಧ ಹಳ್ಳದವರೆಗೆ ಜೀಪು ಚೆನ್ನಾಗಿಯೇ ಹೋಯಿತು. ಆಮೇಲೆ ಗುರುಗುಟ್ಟಿತು. ಗಾಲಿಗಳು ನಿಂತಲ್ಲೇ ತಿರುಗಿ ಮರಳನ್ನು ಹಿಂದಕ್ಕೆ ಎರಚತೊಡಗಿದವು. ಇವರು ಕೂಡಲೇ ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದರು.

"ಮುಂದಕ್ಕೆ ಹೋದಷ್ಟೂ ಹೂತ್ಕೊಳುತ್ತೆ ಕಣವ್ವ," ಎಂದು ಹಿಂದೆ ತಿರುಗಿ ಹೇಳಿದರು. "ಹಿಂದಕ್ಕೆ ತೆಗೆದ್ರೆ ನಮ್ ಗಾಲಿ ಬಂದ ಜಾಡಿದೆಯಲ್ಲ, ಅಲ್ಲಿ ಮರಳು ಅದುಮ್ಕೊಂಡು ಗಟ್ಟಿಯಾಗಿದೆ. ಅದರ ಮೇಲೇ ವಾಪಸ್ ಹೋಗಿ ಸುತ್ತಿನ ದಾರಿ ಹಿಡಿಯಾಣ."

"ಎಣ್ಣು ತುಂಬ್ಕೊಂಡು ಬರೋ ಗಾಡಿ ಇಂದಕ್ಕೆ ಓಗ್ಬಾರ್ದು ಕಣ್ಲಾ," ಎಂದರು ಅತ್ತೆ. "ಮನೆಗೆ ಬರೋ ಲಕ್ಷ್ಮಿ ಇಂದಕ್ಕೆ ಓದಂಗೆ. ಮುಂದಕ್ಕೇ ಬಿಡು."

ಗೊತ್ತಿದ್ದೂ ಗೊತ್ತಿದ್ದೂ ಆ ಮನುಷ್ಯ ಮುಂದಕ್ಕೇ ಬಿಟ್ಟರು. ಜೀಪು ಗಾಲಿಯ ಅರ್ಧದವರೆಗೆ ಇಳಿಯಿತು. ಮುನಿಯಲ್ಲಪ್ಪ ಮಾವ ಇಳಿದು ತಳ್ಳಿದರು, ಅತ್ತೆ ಸೆರಗು ಸಿಕ್ಕಿಸಿ ತಳ್ಳಿದರು. ನಾನು ಇಳಿಯುವ ಹಾಗಿರಲಿಲ್ಲ. ಹೊಸ ಹೆಣ್ಣು ಗಂಡನ ಮನೆಯ ಮುಂದೆಯೇ ಕಾಲು ಊರಬೇಕು. ಬಾಸಿಂಗ ಕಟ್ಟಿಕೊಂಡು ಬಿಸಿಲಲ್ಲಿ ಬೇಯುತ್ತ ಕೂತಿದ್ದೆ.

ಅತ್ತೆ ಕೈಯ ಮರಳು ಕೊಡವಿಕೊಂಡು ಅಣ್ಣನಿಗೆ ಹೇಳಿದರು, ನನಗೆ ಕೇಳಲೆಂದೇ. "ಇಷ್ಟ್ ದಿನ ಎಲ್ಲೂ ನಿಲ್ಲದ ಜೀಪು. ಇವತ್ತೇ ನಿಂತ್ಕೊಂತಲ್ಲಣ್ಣ. ಏನ್ ಕಾಲ್ಗುಣವೋ."

ನನ್ನ ಪಿತ್ತ ನೆತ್ತಿಗೇರಿತು. ಈ ಮಾತು ಒಂದು ಸಲ ಅಂಟಿದರೆ ಸಾಯುವ ತನಕ ಬಿಡುವುದಿಲ್ಲ. ನಮ್ಮೂರಿನಲ್ಲಿ ಒಬ್ಬಾಕೆ ಸೊಸೆಯಾಗಿ ಬಂದ ವಾರವೇ ಹಸು ಸತ್ತಿತ್ತು. ಮೊಮ್ಮಕ್ಕಳಾದ ಮೇಲೂ ಆಕೆಯನ್ನು ಶುಭದ ಕೆಲಸದಲ್ಲಿ ಮುಂದೆ ಬಿಡುತ್ತಿರಲಿಲ್ಲ. ನಾಳೆ ಮಳೆ ಬಾರದಿದ್ದರೂ ನನ್ನ ಕಾಲು, ಬಾವಿ ಬತ್ತಿದರೂ ನನ್ನ ಕಾಲು. ಇವರ ಮುಖ ನೋಡಿದೆ. ಜೀಪು ಯಾಕೆ ಹೂತಿದೆಯೆಂದು ಅಲ್ಲಿ ಹೇಳಬೇಕಾದವರು ಇವರು. ಸ್ಟೇರಿಂಗು ಹಿಡಿದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ನಾನು ಧುಮುಕಿದೆ. ಕೆಂಡದಂಥ ಮರಳು.

"ಅಯ್ಯಯ್ಯೋ, ಇಳೀಬಾರ್ದು ಕಣಮ್ಮ," ಎಂದರು ಮಾವ.

"ನನ್ ಕಾಲು ಇಳೀತು," ಎಂದೆ. "ಈಗ ಮುಂದಕ್ಕೆ ಓಡ್ಸಿ, ನೋಡಾಣ."

ಇವರು ಓಡಿಸಿದರು. ಜೀಪು ಇನ್ನೊಂದು ಗೇಣು ಇಳಿದು ಹೊಟ್ಟೆಯನ್ನು ಮರಳಿಗೆ ಊರಿ ಕೂತಿತು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಹಳ್ಳದ ಆಚೆ ದಡ ನೋಡಿದರು.

ಆಗ ಮಾವನಿಗೆ ಒಂದು ಉಪಾಯ ಹೊಳೆಯಿತು. "ಎಣ್ಣು ಎಂಗೂ ಕೆಳಗಿದೆ. ಈಗಿದು ಬರೀ ಗಾಡಿ. ಇಂದಕ್ಕೆ ತೆಗೆದ್ರೆ ತಪ್ಪೇನೂ ಇಲ್ಲ," ಎಂದರು. ಅತ್ತೆಯೂ ತಲೆಯಾಡಿಸಿದರು. ಇವರು ಟೈರುಗಳ ಗಾಳಿ ಸ್ವಲ್ಪ ಸ್ವಲ್ಪ ಇಳಿಸಿದರು. ಇಬ್ಬರೂ ಗಂಡಸರು ಪಂಚೆ ಎತ್ತಿ ಕಟ್ಟಿ ಹೊಟ್ಟೆಯಡಿಯ ಮರಳನ್ನೂ ಗಾಲಿಗಳ ಹಿಂದಿನ ಮರಳನ್ನೂ ಕೈಯಲ್ಲೇ ತೋಡಿದರು. ಜೀಪು ಒಮ್ಮೆ ಅಲುಗಾಡಿ, ಹಳೆಯ ಜಾಡು ಹತ್ತಿ, ಬಂದ ದಾರಿಯಲ್ಲೇ ಸರಾಗವಾಗಿ ದಡ ಸೇರಿತು.

"ನೋಡ್ದೇನಣ್ಣ," ಎಂದರು ಅತ್ತೆ. "ಅವಳು ಇಳಿದ ಮ್ಯಾಲೇ ಈಚೆಗ್ ಬಂತು."

ಅಲ್ಲಿಗೆ ನನ್ನ ಹಣೆಬರಹ ಬರೆದಾಯಿತು. ಇಳಿಯದಿದ್ದರೂ ನನ್ನ ಕಾಲು, ಇಳಿದರೂ ನನ್ನ ಕಾಲು. ಇವರ ಕಡೆ ತಿರುಗಿದೆ. ಜೀಪಿನ ಹಾರ ಸರಿಮಾಡುತ್ತಿದ್ದರು. ಅವ್ವನ ಮಾತು ಕೇಳದವರ ಹಾಗೆ ನಟಿಸುವುದು ಆ ವಯಸ್ಸಿಗೇ ಅವರಿಗೆ ಚೆನ್ನಾಗಿ ಬರುತ್ತಿತ್ತು. ಅತ್ತೆಯ ಮೇಲಿನದಕ್ಕಿಂತ ಹೆಚ್ಚಿನ ಕೋಪ ನನಗೆ ಇವರ ಮೇಲೆ ಬಂತು. ಜೀಪು ಹತ್ತಿದೆ. ಶೆಟ್ಟಿಹಳ್ಳಿ ಬರುವ ತನಕ ಇವರಿಗೆ ಬೆನ್ನು ಹಾಕಿ ಕೂತಿದ್ದೆ.

ಮನೆಯ ಮುಂದೆ ಊರಿಗೂರೇ ನೆರೆದಿತ್ತು. ಇಷ್ಟು ಹೊತ್ತು ಯಾಕೆ ಎಂದು ಒಬ್ಬರು ಕೇಳುವ ಮೊದಲೇ ಅತ್ತೆ ಹಳ್ಳದ ಕಥೆ ಶುರುಮಾಡಿದ್ದರು. ಹೆಂಗಸರ ಕಣ್ಣು ನನ್ನ ಪಾದದ ಮೇಲೆ. ಆರತಿ ಎತ್ತಿದರು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು, ಬಲಗಾಲಲ್ಲಿ ಒದ್ದು ಒಳಗೆ ಹೋಗಬೇಕು.

ನಾನು ನಿಂತೆ.

"ಒದಿಯಮ್ಮ, ದೀಪದ ಹೊತ್ತಾಯ್ತು," ಎಂದರು ಯಾರೋ.

ಪಕ್ಕದಲ್ಲಿದ್ದ ಗಂಡನಿಗೆ ಹೇಳಿದೆ. "ಜೀಪು ಯಾಕೆ ಹೂತ್ಕೊಂತು, ಹೆಂಗೆ ಈಚೆಗ್ ಬಂತು, ಎಲ್ರಿಗೂ ತಿಳಿಸಿ. ಆಮೇಲೆ ಒದೀತೀನಿ."

"ಒಳಗ್ ಹೋಗಾಣ ಬಾ, ಆಮೇಲೆ," ಎಂದರು.

"ಒಳಗ್ ಹೋದ್ರೆ ನೀವು ಬಾಯಿ ಬಿಡಲ್ಲ. ನಂಗೊತ್ತಾಯ್ತು."

ಇವರು ಅವ್ವನನ್ನು ನೋಡಿದರು, ಸೇರು ನೋಡಿದರು. ಕೊನೆಗೆ ನೆಲ ನೋಡಿಕೊಂಡೇ, "ಹಿಂದಕ್ಕೆ ತೆಗೆದಿದ್ರೆ ಆಗ್ಲೇ ಬರ್ತಿತ್ತು. ಬೇಡ ಅಂದ್ಲು ಅವ್ವ. ನಾನು ಗೊತ್ತಿದ್ದೂ ಮುಂದಕ್ಕೆ ಬಿಟ್ಟೆ," ಎಂದರು.

"ನನ್ ಕಾಲು?"

"ಇವಳ ಕಾಲಿಗೂ ಅದಕ್ಕೂ ಸಂಬಂಧ ಇಲ್ಲ," ಎಂದರು, ಈ ಸಲ ಎಲ್ಲರಿಗೂ ಕೇಳುವಂತೆ.

ಆರತಿ ತಟ್ಟೆ ಹಿಡಿದಿದ್ದ ಅತ್ತೆಯ ಮುಖ ಕಪ್ಪಿಟ್ಟಿತು. "ಸರಿ, ಒದಿ. ಮೆಲ್ಲಗೆ," ಎಂದರು.

ನಾನು ಒದೆದೆ. ಸೇರು ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಬಡಿದು ಉರುಳಿತು.