ಏಳನೇ ಸಾಲಿನ ಬಿಲ್ಲೆ

“ಒರ್ಸೇ ಮುದುಕಿ! ಕಣ್ ಬುಟ್ಕೊಂಡು ಯಾರ್ ಮಕ ನೋಡ್ತಾ ಇದ್ದೀಯ? ಸೊಂಟದಾಗೆ ಕಂಬ್ಳಿ ಐತಲ್ಲ, ಅದ್ರಲ್ಲೇ ಒರ್ಸು.”

ಮೇಲ್ವಿಚಾರಕ ಮೊಹಾಪಿ ಬೂಟಿನ ತುದಿಯಿಂದ ನೆಲವನ್ನು ತೋರಿಸಿದ. ಮೂವತ್ತೊಂದನೆಯ ಯಂತ್ರದ ಕೆಳಗೆ ಸಿಮೆಂಟು ಒದ್ದೆಯಾಗಿತ್ತು. ಜೀನ್ಸ್ ಬಟ್ಟೆಯ ನೀಲಿ ಧೂಳು ಆ ಒದ್ದೆಯಲ್ಲಿ ಕಲಸಿ ಶಾಯಿಯಂತೆ ಹರಿದು, ಪಕ್ಕದ ಯಂತ್ರದ ಕಾಲಿನವರೆಗೆ ಬಂದು ನಿಂತಿತ್ತು. ಆ ಯಂತ್ರದಲ್ಲಿ ಮಾನೆಯೋ ಹಿಂಜೇಬು ಹೊಲಿಯುತ್ತಿದ್ದಳು.

ಮೂವತ್ತೊಂದನೆಯ ಯಂತ್ರದ ಮಾಸೆಲ್ಲೋಗೆ ಐವತ್ತಾರು ವರ್ಷ. ಮೈಯಲ್ಲಿ ಸಕ್ಕರೆ ಕಾಯಿಲೆ. ಮಸೇರು ನಗರದಲ್ಲಿ ಜೂನ್ ಎಂದರೆ ಚಳಿಗಾಲ. ಆ ಚಳಿಯನ್ನು ಕಾರ್ಖಾನೆಯ ತಗಡಿನ ಮಾಡು ತಡೆಯದಾದ್ದರಿಂದ ಹೆಂಗಸರೆಲ್ಲ ಕಂಬಳಿಯನ್ನು ಸೊಂಟಕ್ಕೆ ಸುತ್ತಿ ಪಿನ್ನು ಚುಚ್ಚಿಕೊಂಡೇ ಕೂರುತ್ತಿದ್ದರು. ಮಾಸೆಲ್ಲೋಳದು ಮದುವೆಯ ದಿನ ಅತ್ತೆ ಹೊದಿಸಿದ ಕಂಬಳಿ. ಗಂಡನ ಹೆಣದ ಮುಂದೆ ಕುಳಿತಾಗ ಹೊದ್ದದ್ದು ಅದನ್ನೇ, ಮಗಳನ್ನು ಮದುವೆ ಮಾಡಿ ಕಳಿಸಿದಾಗ ಹೊದ್ದದ್ದೂ ಅದನ್ನೇ. ಅವಳು ಪಿನ್ನು ಬಿಚ್ಚಿದಳು. ಮಂಡಿಯೂರಿದಳು. ಒರೆಸಿದಳು.

ಉಳಿದ ನಲವತ್ತೇಳು ಯಂತ್ರಗಳು ನಿಲ್ಲಲಿಲ್ಲ.

“ಹೊತ್ತಾರೆಯಿಂದ ಮೂರು ಸಲ ಬಿಲ್ಲೆ ಕೇಳವ್ಳೆ ಎನ್ತಾತೆ,” ಎಂದಳು ಮಾನೆಯೋ, ಹೊಲಿಗೆಯಿಂದ ಕಣ್ಣೆತ್ತದೆ. ಎನ್ತಾತೆ ಎಂದರೆ ಅಲ್ಲಿನ ಮಾತಿನಲ್ಲಿ ಅಯ್ಯಾ.

“ನಿನ್ನ ಕೇಳ್ದೋರ್ಯಾರೇ ಲೌಡಿ? ಸಾಲಿನ ದನಿ ಅಂತ ಹೆಸ್ರು ಕೊಟ್ರೆ ಸಿಕ್ ಸಿಕ್ಕಿದ್ ಕಡೆ ಬಾಯ್ ಬುಡ್ತೀಯ? ಜೇಬು ಹೊಲಿ, ಜೇಬು!”

ಸಾಲಿನ ದನಿ ಎಂದರೆ ಸಾಲಿನವರ ಮಾತನ್ನು ಮೇಲಿನವರಿಗೆ ಮುಟ್ಟಿಸಲು ಕಂಪನಿ ಆರಿಸಿದ ಹೆಂಗಸು. ಬಿಲ್ಲೆ ಎಂದರೆ ಅಂಗೈಯಗಲದ ತಗಡು. ಅದರ ಮೇಲೆ ಕೆಂಪು ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಕಕ್ಕಸಿಗೆ ಹೋಗಬಹುದು. ಅವಳು ಮರಳಿ ಮೊಳೆಗೆ ತೂಗುಹಾಕುವವರೆಗೆ ಏಳನೇ ಸಾಲಿನ ಮತ್ತೊಬ್ಬಳು ಏಳುವಂತಿಲ್ಲ. ಒಂಬತ್ತರಿಂದ ಹನ್ನೊಂದು, ಎರಡರಿಂದ ನಾಲ್ಕು, ಇವು ಬಿಲ್ಲೆಯ ಹೊತ್ತು. ಒಟ್ಟು ಇನ್ನೂರ ನಲವತ್ತು ನಿಮಿಷ. ಸಾಲಿನಲ್ಲಿ ನಲವತ್ತೆಂಟು ಹೆಂಗಸರು. ತಲೆಗೆ ಐದು ನಿಮಿಷದಂತೆ ಲೆಕ್ಕ ಸರಿಹೋಗುತ್ತದೆಂದು ಸಿಬ್ಬಂದಿ ಮ್ಯಾನೇಜರ್ ಖೇತ್ಸಿಯವರು ಹಲಗೆಯ ಮೇಲೆ ಗುಣಿಸಿ ತೋರಿಸಿದ್ದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಕಕ್ಕಸು ನೂರೆಂಬತ್ತು ಹೆಜ್ಜೆ ದೂರ. ಬಾಗಿಲಲ್ಲಿ ಬಟ್ಟೆ ಕದ್ದಳೇ ಎಂದು ಕಾವಲುಗಾರ್ತಿ ಮೈ ತಡಕುತ್ತಾಳೆ. ನಾಲ್ಕು ಕೋಣೆಗಳಲ್ಲಿ ಎರಡಕ್ಕೆ ಚಿಲಕವಿಲ್ಲ. ಓಡಿದರೂ ಎಂಟು ನಿಮಿಷ. ಇನ್ನೂರ ನಲವತ್ತನ್ನು ಎಂಟರಿಂದ ಭಾಗಿಸಿದರೆ ಮೂವತ್ತು. ಉಳಿಯುವವರು ಹದಿನೆಂಟು.

ಆ ಹದಿನೆಂಟು ಮಂದಿ ಯಾರೆಂಬುದನ್ನು ದಿನವೂ ಮೊಹಾಪಿ ತೀರ್ಮಾನಿಸುತ್ತಿದ್ದ.

ಆದ್ದರಿಂದ ಏಳನೇ ಸಾಲಿನ ಹೆಂಗಸರು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟಿನ ಪಾಪಾ ಮುದ್ದೆಯನ್ನು ಒಣದಾಗಿ ನುಂಗಿ, ಚಹಾ ಮುಟ್ಟದೆ ಬರುತ್ತಿದ್ದರು. ಸಕ್ಕರೆ ಕಾಯಿಲೆಯವಳಿಗೆ ನೀರು ಕುಡಿಯದೆ ಇರಲಾಗುವುದಿಲ್ಲ.

*

ಅದರ ಮುಂದಿನ ವಾರ ಮುಖದ ಕಾಗದಗಳು ಬಂದವು. ಒಂದು ಹಾಳೆಯಲ್ಲಿ ಮೂರು ಮುಖ: ನಗುವುದು, ಸುಮ್ಮನಿರುವುದು, ಅಳುವುದು. ಕೆಲಸದಲ್ಲಿ ತನ್ನ ಮನಸ್ಸು ಎಷ್ಟು ಸಂತೋಷವಾಗಿದೆ ಎಂದು ಯೋಚಿಸಿ ಒಂದಕ್ಕೆ ಗುರುತು ಹಾಕಬೇಕು. ಹೆಸರು ಬರೆಯಬೇಕಾಗಿಲ್ಲ, ಎಲ್ಲ ಗುಟ್ಟು. ಜೀನ್ಸ್ ಕೊಳ್ಳುವ ಪರದೇಶದವರು ಒಳ್ಳೆಯ ಮುಂದಾಳುತನವಿರುವ ಕಾರ್ಖಾನೆಗೇ ಕೆಲಸ ಕೊಡುತ್ತಾರಂತೆ. ಅದನ್ನು ಅಳೆಯುವ ಕೋಲು ಈ ಕಾಗದ.

ಊಟದ ಹೊತ್ತಿನಲ್ಲಿ ಮೊಹಾಪಿ ಮಾನೆಯೋಳನ್ನು ಪಕ್ಕಕ್ಕೆ ಕರೆದ.

“ಎಲ್ಲಾ ನಗೋ ಮಕಕ್ಕೇ ಗೀಚ್ಬೇಕು, ತಿಳೀತಾ? ಆದ್ರೆ ನೂರಕ್ಕೆ ನೂರು ನಕ್ಬುಟ್ರೆ ಬಂದೋರು ನಂಬಕ್ಕಿಲ್ಲ. ಮೂರು ಮಕ ಅಳ್ಬೇಕು. ಯಾರ್ಯಾರು ಅಂತ ನೀನೇ ಆರ್ಸು. ನೀನ್ ತಾನೇ ದನಿ?”

“ಅಳೋಕೂ ಆರ್ಸ್ಬೇಕಾ ಎನ್ತಾತೆ? ನಗೋರ್ನ ಆರ್ಸು ಅನ್ನಿ, ಅದು ಕಷ್ಟ.”

“ನಾಲ್ಗೆ ಉದ್ದ ಆಯ್ತು ನಿಂದು. ಮುಂದಿನ್ ವಾರ ಶುಕ್ರವಾರಕ್ಕೆ ನಿನ್ ಕರಾರು ಮುಗೀತದೆ, ಗ್ಯಾಪ್ಕ ಮಡಿಕ್ಕೊ.”

ಜ್ಞಾಪಕವಿರದೆ ಏನು. ಬೆಟ್ಟದ ಊರಿನಲ್ಲಿ ತಾಯಿಯ ಬಳಿ ಬಿಟ್ಟುಬಂದ ಮಗಳು ನೆಯೋಗೆ ನಾಲ್ಕು ವರ್ಷ. ಆ ಹೆಸರಿನಿಂದಲೇ ಇವಳನ್ನು ಎಲ್ಲರೂ ಮಾನೆಯೋ, ನೆಯೋಳ ತಾಯಿ, ಎಂದು ಕರೆಯುತ್ತಾರೆ. ಮಗಳ ಬಾಯಿಗೂ ತಾಯಿಯ ಬಾಯಿಗೂ ಬೀಳುವ ಹಿಟ್ಟು ಈ ಯಂತ್ರದಿಂದಲೇ ಹೋಗಬೇಕು.

ಇಬ್ಬರನ್ನು ಚೀಟಿಯೆತ್ತಿ ಆರಿಸಿದರು, ಇಬ್ಬರೂ ಹೊಸಬರು. ಮೂರನೆಯದಕ್ಕೆ ಮಾಸೆಲ್ಲೋ ತಾನಾಗಿ ಕೈ ಚಾಚಿದಳು.

“ಅಳೋ ಮಕ ನಂಗ್ ಕೊಡಮ್ಮಿ. ನಂಗಂತೂ ಕಣ್ಣೀರು ಬತ್ತೋಗದೆ. ಕಾಗ್ದನಾರೂ ಅತ್ಕಳ್ಲಿ.”

ಅಕ್ಕಪಕ್ಕದವರು ನಕ್ಕರು. ಮಾನೆಯೋ ಕೂಡ ನಕ್ಕಳು. ನಗರಕ್ಕೆ ಬಂದ ಮೊದಲ ದಿನ, ಗುರುತಿಲ್ಲದ ಇವಳಿಗೆ ತನ್ನ ಒಂದೇ ಕೋಣೆಯಲ್ಲಿ ಅರ್ಧ ಬಿಟ್ಟುಕೊಟ್ಟವಳು ಮಾಸೆಲ್ಲೋ. ಇಂದಿಗೂ ಇಬ್ಬರೂ ಆ ಕೋಣೆಯಲ್ಲೇ. ಆ ಕಾಗದವನ್ನು ಮಾನೆಯೋ ತನ್ನ ಕೈಯಾರೆ ಅವಳಿಗೆ ಕೊಟ್ಟಳು.

ಕಾಗದದ ಹಿಂದೆ, ಕೆಳಗಿನ ಮೂಲೆಯಲ್ಲಿ, ಯಂತ್ರದ ಸಂಖ್ಯೆ ಸಣ್ಣಗೆ ಅಚ್ಚಾಗಿತ್ತು. ಯಾರೂ ತಿರುಗಿಸಿ ನೋಡಲಿಲ್ಲ.

ಸೋಮವಾರ ಫಲಿತಾಂಶವನ್ನು ಗೋಡೆಗೆ ಅಂಟಿಸಿದರು. ನಲವತ್ತೆಂಟರಲ್ಲಿ ನಲವತ್ತೈದು, ನೂರಕ್ಕೆ ತೊಂಬತ್ತಮೂರು ಮುಕ್ಕಾಲು. ಖೇತ್ಸಿ ಅದನ್ನು ತೊಂಬತ್ತನಾಲ್ಕು ಮಾಡಿದ್ದರು. ಅದೇ ಸಂಜೆ ಮೂವರನ್ನು ಕೆಲಸದಿಂದ ಬಿಡಿಸಿದರು.

ಮಾಸೆಲ್ಲೋ ಮಂಗಳವಾರ ಬೆಳಿಗ್ಗೆ ಊರಿನ ಬಸ್ಸು ಹತ್ತಿದಳು. ಕಂಬಳಿಯನ್ನು ನಾಲ್ಕು ಸಲ ಒಗೆದಿದ್ದಳು. ಆದರೂ ಅದನ್ನು ಹೊದೆಯದೆ ಚೀಲದಲ್ಲಿ ಮಡಿಸಿಟ್ಟಿದ್ದಳು. ಬಸ್ಸಿನ ಕಿಟಕಿಯೊಳಗೆ ಅವಳ ಹಲ್ಲು ಕಟಕಟಿಸುತ್ತಿತ್ತು. ಮಾನೆಯೋ ಕಿಟಕಿಯ ಹೊರಗೆ ನಿಂತಿದ್ದಳು.

“ಹೊದ್ಕೊಳವ್ವಾ. ಬೆಟ್ಟದಾಗೆ ಹಿಮ ಬಿದ್ದದಂತೆ.”

“ಬ್ಯಾಡ ಬುಡು. ನಂಗೇ ವಾಸ್ನೆ ಬಂದಂಗಾಯ್ತದೆ.”

“ನಾನೇ ಕಣವ್ವಾ ನಿನ್ನ ಕೈಗೆ ಆ ಕಾಗ್ದ ಕೊಟ್ಟಿದ್ದು.”

“ನಾನೇ ಈಸ್ಕಂಡೆ. ಓಗು, ಗೇಟು ಆಕ್ಬುಡ್ತಾರೆ.”

*

ಖೇತ್ಸಿಯವರ ಕೋಣೆಗೆ ಹದಿನಾಲ್ಕು ಮೆಟ್ಟಿಲು. ತಮ್ಮ ಬಾಗಿಲು ಎಲ್ಲರಿಗೂ ಸದಾ ತೆರೆದಿದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು; ಅದು ನಿಜಕ್ಕೂ ತೆರೆದಿತ್ತು.

“ಬನ್ನಿ, ಬನ್ನಿ. ತಟ್ಟೋದೇ ಬೇಡ. ನೋಡಿ, ಇದರ ಚಿಲಕನೇ ತೆಗೆಸಿಬಿಟ್ಟಿದ್ದೀನಿ. ಇಲ್ಲಿ ನಾನು ಮ್ಯಾನೇಜರ್ ಅಲ್ಲ, ಬರೀ ಕಿವಿ.”

ಅವರ ಹಿಂದಿನ ಗೋಡೆಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಪಡೆದ ಮುಂದಾಳುತನದ ತರಬೇತಿಯ ಪ್ರಮಾಣಪತ್ರ ತೂಗುತ್ತಿತ್ತು. ಮಾನೆಯೋ ನಿಂತೇ ಇದ್ದಳು.

“ಮಾಸೆಲ್ಲೋನ ಯಾಕ್ ತೆಗುದ್ರಿ ಎನ್ತಾತೆ?”

“ತೆಗೀಲಿಲ್ಲಮ್ಮ. ಬಿಡುಗಡೆ ಮಾಡಿದ್ವಿ. ಈ ಕೆಲಸದಲ್ಲಿ ಸಂತೋಷ ಇಲ್ಲ ಅಂತ ಆಕೇನೇ ಗುರುತು ಹಾಕಿದ್ದಾರೆ. ಸಂತೋಷ ಇಲ್ಲದವರನ್ನ ಹಿಡಿದು ಕೂರಿಸೋದು ಮುಂದಾಳಿನ ಲಕ್ಷಣವಾ, ನೀವೇ ಹೇಳಿ?”

“ಅಳೋ ಮಕಕ್ಕೆ ಗುರ್ತಾಕ್ಸು ಅಂದೋನು ಮೊಹಾಪಿ. ಆರ್ಸಿ ಕೊಟ್ಟೋಳು ನಾನು. ಅವ್ವಂದೇನೂ ತಪ್ಪಿಲ್ಲ.”

ಖೇತ್ಸಿ ಬರೆಯುತ್ತಿದ್ದ ಪೆನ್ನನ್ನು ನಿಧಾನವಾಗಿ ಮುಚ್ಚಿದರು.

“ಅಂದ್ರೆ, ಗುಟ್ಟಿನ ಕಾಗದಾನ ನೀವು ತಿದ್ದಿದ್ರಿ ಅಂತ ಒಪ್ಕೋತಾ ಇದ್ದೀರಿ.”

ಮಾನೆಯೋ ಸೊಂಟದ ಕಂಬಳಿಯ ಪಿನ್ನನ್ನು ಸರಿಪಡಿಸಿಕೊಂಡಳು.

“ನಾನಿದನ್ನ ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ಳೋಣ. ಕಿವಿಗೂ ಒಂದು ಮಿತಿ ಇರುತ್ತೆ.” ಅವರು ಮೇಜಿನ ಮೇಲಿನ ಎರಡು ಹಾಳೆಗಳನ್ನು ಅವಳ ಕಡೆಗೆ ತಿರುಗಿಸಿದರು. “ಇದು ನಿಮ್ಮ ಹೊಸ ಕರಾರು. ಇದು ಗುರುವಾರ ಅತಿಥಿಗಳ ಮುಂದೆ ನೀವು ಓದಬೇಕಾದ ಮಾತು. ವರ್ಷದ ಅತ್ಯುತ್ತಮ ದನಿ ಅಂತ ನಿಮ್ಮನ್ನೇ ಆರಿಸಿದೀವಿ. ಕಂಪನಿ ಕಂಬಳಿ ಬಹುಮಾನ. ಎರಡನೇದು ಚೆನ್ನಾಗಿ ಓದಿ, ಮೊದಲನೇದಕ್ಕೆ ನಾನು ಸಹಿ ಹಾಕ್ತೀನಿ.”

“ಬಿಲ್ಲೆ ಒಂದೇ ಐತೆ ಎನ್ತಾತೆ. ಇನ್ನೊಂದು ಕೊಡ್ಸಿ.”

“ಈಗ ನಿಮ್ಮ ಸಾಲಿನಲ್ಲಿ ನಲವತ್ತೈದೇ ಜನ. ಮೊದಲಿಗಿಂತ ಅನುಕೂಲ ಆಗಿದೆ ಅಲ್ವಾ?”

ಅದೂ ಸರಿಯಾದ ಲೆಕ್ಕವೇ. ನಲವತ್ತೈದರಲ್ಲಿ ಮೂವತ್ತು ಕಳೆದರೆ ಹದಿನೈದು. ಮೂವರನ್ನು ಕಳೆದದ್ದರಿಂದ ಮೂವರು ಕಡಿಮೆಯಾಗಿದ್ದರು.

*

ಗುರುವಾರ ಬೆಳಿಗ್ಗೆ, ಗೇಟಿನ ಹೊರಗಿನ ನಲ್ಲಿಯ ಬಳಿ ಮಾನೆಯೋ ತಗಡಿನ ಲೋಟದಲ್ಲಿ ನೀರು ಕುಡಿಯುತ್ತಿದ್ದಳು. ಒಂದು, ಎರಡು, ಮೂರು. ಹಿಮದಂಥ ನೀರು, ಹಲ್ಲು ಜುಮ್ಮೆನ್ನುತ್ತಿತ್ತು. ಕರಿದ ಬನ್ನು ಮಾರುವ ಹೆಂಗಸು ನೋಡುತ್ತ ನಿಂತಳು. ಏಳನೇ ಸಾಲಿನ ಪುಲಾನೆ ಓಡಿಬಂದು ಲೋಟವನ್ನು ಹಿಡಿದಳು.

“ಏನಮ್ಮಿ, ತಲೆ ಕೆಟ್ಟದಾ? ಅತಿಥಿಗಳು ಬತ್ತಾರೆ ಅಂತ ಇವತ್ತು ಬಿಲ್ಲೇನೇ ಕೊಡಾಕಿಲ್ವಂತೆ. ಕಕ್ಕಸಿಗೆ ಬೀಗ ಜಡ್ದವ್ರೆ. ಕೀಲಿ ಆ ಮೊಹಾಪಿ ಜೇಬಲ್ಲದೆ.”

“ಗೊತ್ತು.”

“ಗೊತ್ತಿದ್ದೂ ಕುಡೀತೀಯಾ? ವೇದಿಕೆ ಮ್ಯಾಲೆ ನಿಂತ್ಕಬೇಕಲ್ಲೇ ನೀನು!”

“ಅದ್ಕೇಯ.”

ಪುಲಾನೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಲೋಟದಿಂದ ಕೈ ತೆಗೆದಳು. ಮಾನೆಯೋ ಆರನೆಯ ಲೋಟ ಮುಗಿಸಿದಳು.

ಕತ್ತರಿಸುವ ಮೇಜುಗಳನ್ನು ಜೋಡಿಸಿ, ಕೆಂಪು ಬಟ್ಟೆ ಹಾಸಿ ವೇದಿಕೆ ಮಾಡಿದ್ದರು. ಪರದೇಶದ ಮೂವರು ಅತಿಥಿಗಳು, ಖೇತ್ಸಿ, ಒಂದು ಖಾಲಿ ಕುರ್ಚಿಯ ಮೇಲೆ ಮಡಿಸಿಟ್ಟ ಬಹುಮಾನದ ಕಂಬಳಿ. ಕಂಪನಿಯ ಹೆಸರು ಅದರ ಅಂಚಿನಲ್ಲಿ ನೇಯ್ದಿತ್ತು. ಹೆಂಗಸರನ್ನು ಸಾಲುಸಾಲಾಗಿ ನೆಲದ ಮೇಲೆ ಕೂರಿಸಿದ್ದರು. ಮೂವತ್ತೊಂದನೆಯ ಯಂತ್ರಕ್ಕೆ ಮುಸುಕು ಹಾಕಿತ್ತು.

ಖೇತ್ಸಿ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಮಾನೆಯೋ ವೇದಿಕೆಯ ಮೂಲೆಯಲ್ಲಿ ನಿಂತಿದ್ದಳು. ಮೊದಲು ಹೊಟ್ಟೆಯ ಕೆಳಗೆ ಭಾರ, ಆಮೇಲೆ ನೋವು, ಕೊನೆಗೆ ಬೆನ್ನಿನವರೆಗೂ ಉರಿ. ತೊಡೆಗಳು ನಡುಗತೊಡಗಿದವು. ಅವಳು ಹಲ್ಲು ಕಚ್ಚಿ ನೆಯೋಳ ಮುಖವನ್ನು ನೆನೆದಳು. ಈಗಲೂ ತಡವಾಗಿಲ್ಲ: ಓದಿದರೆ ಸಹಿ. ಕರಾರಿನ ಹಾಳೆ ಖೇತ್ಸಿಯವರ ಮಡಿಲಲ್ಲೇ ಇತ್ತು.

ಮೈಕಿನ ಮುಂದೆ ಅವಳನ್ನು ಕರೆದರು.

“ನಮ್ಮ ಮುಂದಾಳುಗಳು ನಮ್ಮ ಮಾತನ್ನು ಕೇಳುತ್ತಾರೆ,” ಎಂದು ಓದಿದಳು. “ನಾವೆಲ್ಲ ಒಂದೇ ಕುಟುಂಬ.” ಮೂರನೆಯ ಸಾಲಿನಲ್ಲಿ ನಿಲ್ಲಿಸಿದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಖಾಲಿ ಕುರ್ಚಿಯ ಮೇಲಿಟ್ಟಳು. ತನ್ನ ಸೊಂಟಕ್ಕೆ ಸುತ್ತಿದ್ದ ಕಂಬಳಿಯನ್ನು ಎರಡೂ ಕೈಯಿಂದ ಮಂಡಿಯವರೆಗೆ ಎತ್ತಿ ಹಿಡಿದಳು.

ಸುರಿಯುವ ಸದ್ದನ್ನು ಮೈಕು ಹಿಡಿಯಿತು.

ಕಾರ್ಖಾನೆಯಲ್ಲಿ ಬೇರೆ ಸದ್ದಿರಲಿಲ್ಲ. ಕೆಂಪು ಬಟ್ಟೆ ಕಪ್ಪಾಗುತ್ತ ಹೋಯಿತು. ಒದ್ದೆ ಮೇಜಿನ ಇಳಿಜಾರಿನಲ್ಲಿ ಹರಿದು ಅತಿಥಿಗಳ ಬೂಟುಗಳತ್ತ ಬಂತು. ಅವರು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು. ಒಬ್ಬಾತ ಖೇತ್ಸಿಯವರ ಕಿವಿಯಲ್ಲಿ ಏನೋ ಕೇಳಿದ. ಖೇತ್ಸಿ ನಗುಮುಖದಿಂದಲೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು: ಹಳ್ಳಿಯ ಹೆಂಗಸು, ಸಂತೋಷ ತಡೆಯಲಾಗಲಿಲ್ಲ.

ಮೊಹಾಪಿ ವೇದಿಕೆಯ ಬುಡಕ್ಕೆ ನುಗ್ಗಿ ಬಂದ.

“ಒರ್ಸೇ! ಒರ್ಸೇ ಮುಂಡೆ, ನಿನ್ ಕಂಬ್ಳೀಲಿ!”

ಮಾನೆಯೋ ಕಂಬಳಿಯನ್ನು ಇಳಿಸಿ ಪಿನ್ನನ್ನು ಇನ್ನಷ್ಟು ಬಿಗಿಯಾಗಿ ಚುಚ್ಚಿಕೊಂಡಳು. ಅವಳ ದನಿ ನಡುಗುತ್ತಿತ್ತು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

“ಇದು ನನ್ ಮದ್ವೆ ಕಂಬ್ಳಿ. ಇದ್ರಲ್ಲಿ ಒರ್ಸಕ್ಕಿಲ್ಲ.” ಕುರ್ಚಿಯತ್ತ ಕೈ ತೋರಿಸಿದಳು. “ಅದು ನಿಮ್ದು. ಒರ್ಸ್ಕಳಿ.”

ಖೇತ್ಸಿ ಮಡಿಲಲ್ಲಿದ್ದ ಹಾಳೆಯನ್ನು ಹರಿದರು. ಒಮ್ಮೆ ಹರಿದು, ಜೋಡಿಸಿ, ಇನ್ನೊಮ್ಮೆ ಹರಿದರು. ಮಾನೆಯೋ ಅದನ್ನು ನೋಡಿದಳು. ಮಗಳ ಬಾಯಿಯ ಹಿಟ್ಟು ನಾಲ್ಕು ತುಂಡಾಯಿತು.

ಅಷ್ಟರಲ್ಲಿ ಏಳನೇ ಸಾಲಿನಲ್ಲಿ ಪುಲಾನೆ ಎದ್ದು ನಿಂತಳು. ಯಾರನ್ನೂ ಕೇಳದೆ, ಮೊಳೆಯಲ್ಲಿ ತೂಗುತ್ತಿದ್ದ ಬಿಲ್ಲೆಯ ಕೆಳಗೇ ಹಾದು ಕಕ್ಕಸಿನ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತಿಬ್ಬರು.

“ಕೂತ್ಕಳ್ರೇ! ಒಬ್ಬೊಬ್ರು ನಂಬರ್ ಬರ್ಕತೀನಿ!” ಮೊಹಾಪಿ ಅತ್ತ ಓಡಿದ, ಇತ್ತ ಓಡಿದ, ಅವನ ಜೇಬಿನಲ್ಲಿ ಕೀಲಿ ಗಿಲಿಗುಟ್ಟಿತು.

ವೇದಿಕೆಯ ಮೇಲೆ, ಒದ್ದೆ ಕಾಲುಗಳಲ್ಲಿ ಚಳಿಗೆ ನಡುಗುತ್ತ, ಮಾನೆಯೋ ಎಣಿಸಿದಳು. ಹದಿನೈದರವರೆಗೆ ಎಣಿಸಿದಳು. ಅವರು ಆಮೇಲೂ ಏಳುತ್ತಲೇ ಇದ್ದರು.

ನೂರೆಂಬತ್ತು ಹೆಜ್ಜೆ ಆಚೆಯಿಂದ, ಬೀಗದ ಮೇಲೆ ಕಬ್ಬಿಣ ಬಡಿಯುವ ಸದ್ದು ಕೇಳತೊಡಗಿತು.