ಏನೂ ಆಗದ ಕೇಂದ್ರದ ವರದಿ

೧

ಎಲ್ಲಿಂದ ಶುರು ಮಾಡಲಿ? ಯಂತ್ರ ಕೆಟ್ಟಲ್ಲಿಂದ ಅಂತಿದ್ದೆ. ಕಥೆ ಅಂದಮೇಲೆ ಏನಾದರೂ ಕೆಡಬೇಕಲ್ಲ: ಮನಸ್ಸು, ಮದುವೆ, ಹೋಗಲಿ, ಒಂದು ಮಿಕ್ಸಿಯಾದರೂ. ಆದರೆ ನಾನು ಆರಿಸಿಕೊಂಡ ಹೆಂಗಸಿನ ಕೆಲಸವೇ ಏನೂ ಕೆಡದಂತೆ ನೋಡಿಕೊಳ್ಳುವುದು. (ಆರಿಸಿಕೊಳ್ಳುವಾಗ ನನ್ನ ಬುದ್ಧಿಗೆ ಮಂಕು ಕವಿದಿತ್ತು.)

ಭೂಮಿಯೊಳಗಿನ ಸುರಂಗವೊಂದರಲ್ಲಿ ವಿಜ್ಞಾನಿಗಳು ಕಣಕ್ಕೆ ಕಣ ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಗಳ ಮಾಹಿತಿ ರಾಶಿ ರಾಶಿಯಾಗಿ ಬಂದು ಬೀಳುವುದು ಇವಳ ಕೇಂದ್ರಕ್ಕೆ. ಸಾಲು ಸಾಲು ಕಪಾಟುಗಳಲ್ಲಿ ಕಂಪ್ಯೂಟರುಗಳು, ಮಾಹಿತಿ ತುಂಬಿದ ಟೇಪುಗಳನ್ನು ಎತ್ತಿಡುವ ರೋಬೋ ಕೈ, ನೆಲದಡಿಯಿಂದ ಮೇಲೇಳುವ ತಣ್ಣನೆ ಗಾಳಿ. ಕೈಕೆಳಗಿದ್ದ ಇಬ್ಬರನ್ನು ಹೋದ ವರ್ಷ ಬೇರೆ ಕಡೆಗೆ ಹಾಕಿದ್ದಾರೆ, ಈಗ ಅವಳೊಬ್ಬಳೇ. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ, ವಯಸ್ಸಿನಲ್ಲಿ ನಾನೇ ದೊಡ್ಡವಳಾದರೂ.

೨

ನಿರ್ದೇಶಕರು ಅಕ್ಕನನ್ನು ಕರೆಸಿದರು.

"ಮೇಡಂ, ನಿಮ್ಮ ವಿಭಾಗದ ಮೇಲೆ ಒಂದು ದೂರೂ ಇಲ್ಲ. ಬಹಳ ಸಂತೋಷ."

"ಥ್ಯಾಂಕ್ಸ್ ಸರ್."

"ಅದಕ್ಕೇ, ನಿಮ್ಮ ಹುದ್ದೆ ಇನ್ನು ಬೇಕಾ ಅಂತ ಯೋಚಿಸ್ತಿದೀವಿ."

"ಸರ್?"

"ಎಲ್ಲಾ ತಾನಾಗೇ ನಡೀತಿದೆಯಲ್ಲ! ಈ ಸಲದ ಸಭೇಲಿ ನಿಮ್ಮ ಅನುಭವ ಹಂಚ್ಕೊಳ್ಳಿ. ನಾನೂ ಬಂದು ಕೂತ್ಕೋತೀನಿ. ಕೇಳಿ ತೀರ್ಮಾನ ಮಾಡೋಣ."

ಮನೆಗೆ ಬಂದಾಗ ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಅಕ್ಕ ಎಲ್ಲ ಹೇಳಿದಳು.

"ನಿಮ್ಮ ಮಾವನೂ ಕೇಳ್ತಿದ್ರಮ್ಮ, ಬೆಳಗ್ಗೆಯಿಂದ ಏನ್ ಕಡಿದು ಗುಡ್ಡೆ ಹಾಕ್ದೆ ಅಂತ. ಒಂದಿನ ಏನೂ ಮಾಡ್ದೆ ಕೂತೆ."

"ಆಮೇಲೆ?"

"ಆಮೇಲೆ ಕೇಳ್ಲಿಲ್ಲ."

೩

(ಈ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಅಕ್ಕ ಯಂತ್ರಕೋಣೆಯ ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಳು. ಯಂತ್ರಕೋಣೆಗೆ ಕಿಟಕಿ ಎಲ್ಲಿಂದ ಬಂತು ಎಂದು ಅವಳೇ ಕೇಳಿದಳು.)

೪

ಆ ಸಭೆಯ ರೀತಿಯೇ ಬೇರೆ. ಇಂಥ ಕೇಂದ್ರಗಳನ್ನು ನಡೆಸುವವರೆಲ್ಲ ವರ್ಷಕ್ಕೊಮ್ಮೆ ಬೇರೊಂದು ಊರಿನಲ್ಲಿ ವಾರವಿಡೀ ಸೇರಿ, ಸರದಿಯಂತೆ ಎದ್ದು ನಿಂತು, ತಮ್ಮಲ್ಲಿ ಏನೇನು ಕೆಟ್ಟಿತು ಎಂದು ಹೇಳಿಕೊಳ್ಳುತ್ತಾರೆ. ಹೆಚ್ಚು ಕೆಟ್ಟವರಿಗೆ ಹೆಚ್ಚು ಚಪ್ಪಾಳೆ. ಹೋದ ಸಲ ಮೀಸೆಯವರೊಬ್ಬರ ಕೇಂದ್ರದಲ್ಲಿ, ಬೆಂಕಿಯೇ ಇಲ್ಲದೆ ಬೆಂಕಿ ಆರಿಸುವ ಅನಿಲ ನುಗ್ಗಿ, ಅದರ ಸದ್ದಿನ ಅಬ್ಬರಕ್ಕೇ ಡಿಸ್ಕುಗಳು ಕೆಟ್ಟಿದ್ದವು. ಊಟದ ಹೊತ್ತಿಗೆ ಅವರ ಸುತ್ತ ಜನವೋ ಜನ, ಮದುಮಗನ ಸುತ್ತ ನಿಂತ ಹಾಗೆ.

ಏನೂ ಕೆಡದ ಅಕ್ಕನಿಗೆ ಕೊಟ್ಟದ್ದು ಊಟವಾದ ಮೇಲಿನ ಹೊತ್ತು. ತೂಕಡಿಕೆಯ ಹೊತ್ತು.

೫

ಹೀಗಾದರೆ ಅವಳ ಕೆಲಸವೂ ಉಳಿಯದು, ನನ್ನ ಕಥೆಯೂ. ಆದ್ದರಿಂದ ನಾನೇ ಕೈ ಹಾಕಿದೆ.

"ನೆಲದಡಿಯ ಪೈಪು ಒಡೆದು ನೀರು" ಎಂದು ಬರೆದೆ. ವಾಕ್ಯ ಮುಗಿಸುವ ಮೊದಲೇ ಅಕ್ಕ ವಾಲ್ವು ತಿರುಗಿಸಿ ಬಕೆಟ್ ಇಟ್ಟಾಗಿತ್ತು. ಇಲಿ ಬಿಟ್ಟೆ. ಕೇಬಲ್ ಹಾಯುವ ತೂತುಗಳಿಗೆಲ್ಲ ಅವಳು ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿದ್ದಳು. ಇಲಿ ನನ್ನ ಮುಖ ನೋಡಿ ಹಿಂದಿರುಗಿತು. ಕರೆಂಟು ತೆಗೆದೆ. ಬ್ಯಾಟರಿಗಳನ್ನು ಹಿಂದಿನ ವಾರವೇ ಬದಲಾಯಿಸಿದ್ದಳು. ಕೊನೆಗೆ ಸಂಶೋಧಕಿಯೊಬ್ಬಳ ಕೈಯಿಂದ ಕೋಟಿಗಟ್ಟಲೆ ಪುಟ್ಟ ಪುಟ್ಟ ಫೈಲುಗಳನ್ನು ಬರೆಸಿ ಡಿಸ್ಕು ತುಂಬಿಸಲು ನೋಡಿದೆ. ಅಕ್ಕ ಅದನ್ನು ನಿಲ್ಲಿಸಿ, ಆಕೆಯನ್ನು ಪಕ್ಕ ಕೂರಿಸಿಕೊಂಡು, ಹೇಗೆ ಬರೆಯಬೇಕೆಂದು ತೋರಿಸಿಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವೇನಾ ಇದೆಲ್ಲ ಮಾಡ್ತಿರೋದು?"

"ನಿನ್ನ ಒಳ್ಳೇದಕ್ಕೇ ಅಕ್ಕ. ಒಂದೇ ಒಂದು ಕೆಡ್ಲಿ. ನೀನು ಸರಿ ಮಾಡು, ಎಲ್ರೂ ನೋಡ್ಲಿ, ಕೆಲಸ ಉಳಿಯುತ್ತೆ."

"ಆ ಡಿಸ್ಕಿನೊಳಗೆ ಆ ಹುಡುಗೀದು ನಾಲ್ಕು ವರ್ಷದ ದುಡಿಮೆ ಇದೆ. ನಿಮ್ಮ ಕಥೆ ಚೆನ್ನಾಗಿ ಬರ್ಲಿ ಅಂತ ಹಾಳು ಮಾಡ್ಲಾ?"

"ಕಥೆ ಅಂದ್ರೆ ಏನಾದ್ರೂ ಆಗ್ಬೇಕಮ್ಮ."

"ಇಪ್ಪತ್ತು ವರ್ಷ ಏನೂ ಆಗದ ಹಾಗೆ ನೋಡ್ಕೊಂಡಿದೀನಿ. ಅದು ಆಗಿದ್ದಲ್ವಾ?"

"ಓದುಗರು ಆಕಳಿಸ್ತಾರೆ."

"ಆಕಳಿಸ್ಲಿ ಬಿಡಿ. ನೆಮ್ಮದಿಯಾಗಿದ್ದಾಗಲೇ ಆಕಳಿಕೆ ಬರೋದು."

(ಮರುಮಾತು ಹೊಳೆದಿದ್ದರೆ ಅವಳಿಗೇ ಕೊನೆಯ ಮಾತು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.)

೬

ಆಯ್ತು, ಅಂತ್ಯಗಳನ್ನಾದರೂ ನೋಡೋಣ.

ಒಂದು: ಅಕ್ಕ ವೇದಿಕೆಯಲ್ಲಿ ಒಂದು ಸುಳ್ಳು ಅನಾಹುತ ಹೇಳುತ್ತಾಳೆ. ಭಾರಿ ಚಪ್ಪಾಳೆ, ಹುದ್ದೆ ಭದ್ರ. ಅವಳು ಒಪ್ಪಲಿಲ್ಲ. ನನ್ನ ಕೇಂದ್ರದ ಮೇಲೆ ನಾನೇ ಯಾಕೆ ಅಪವಾದ ಹೊರಿಸಲಿ ಎಂದಳು.

ಎರಡು: ಅತ್ತೆಯ ದಾರಿ. ಒಂದು ದಿನ ಏನೂ ಮಾಡದೆ ಕೂರುವುದು. ಬರೆದು ನೋಡಿದೆ. ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಬಿಸಿ ಕೊಂಚ ಏರಿದ್ದು ಕಂಡಿದ್ದೇ ತಡ, ಎದ್ದು ಹೋದಳು. ಅಂತ್ಯವೂ ಅವಳ ಹಿಂದೆಯೇ ಎದ್ದು ಹೋಯಿತು.

ಮೂರು: ಕಣವೊಂದು ಕಪಾಟಿನಿಂದ ಹೊರಬಂದು ನಿರ್ದೇಶಕರಿಗೆ ಬುದ್ಧಿ ಹೇಳುತ್ತದೆ. (ಬೇಡ. ನನಗೂ ಮಾನ ಮರ್ಯಾದೆ ಇದೆ.)

೭

ಅಕ್ಕ ವೇದಿಕೆ ಹತ್ತಿದಳು. ಪರದೆಯ ಮೇಲೆ ಒಂದೇ ಸಾಲು: ಈ ವರ್ಷ ಏನೂ ಆಗಲಿಲ್ಲ.

ಸಭೆ ನಕ್ಕಿತು. "ಅದೃಷ್ಟ ಬಿಡಿ ನಿಮ್ದು!" ಎಂದರು ಮೀಸೆಯವರು.

"ಅದೃಷ್ಟ ಅಲ್ಲ ಸರ್. ಹೇಗೆ ಆಗ್ಲಿಲ್ಲ ಅಂತ ಹೇಳ್ತೀನಿ, ಕೇಳಿ."

ಪೈಪಿನಿಂದ ಶುರು ಮಾಡಿದಳು. ಇಲಿ, ಬ್ಯಾಟರಿ, ಪುಟ್ಟ ಫೈಲುಗಳು, ಒಂದನ್ನೂ ಬಿಡಲಿಲ್ಲ. (ಎಲ್ಲ ನನ್ನ ಕೈವಾಡ. ಹೆಸರು ಹೇಳಲಿಲ್ಲ, ಪುಣ್ಯಾತಗಿತ್ತಿ.) ತೂಕಡಿಸುತ್ತಿದ್ದವರು ನೆಟ್ಟಗಾದರು.

"ಪಾತ್ರೆ ಉಜ್ಜೋ ನಾರಾ?" ಎನ್ನುತ್ತ ಮೀಸೆಯವರು ಜೇಬಿನಲ್ಲಿ ಪೆನ್ನಿಗಾಗಿ ತಡಕಾಡಿದರು.

ಆಗ ಮುಂದಿನ ಸಾಲಿನಲ್ಲಿ ನಿರ್ದೇಶಕರ ಕೈ ಮೇಲೆದ್ದಿತು. ಅವರ ಮುಖ ಸ್ವಲ್ಪ ಬಿಳಿಚಿಕೊಂಡಿತ್ತು.

"ಮೇಡಂ, ನೀವು ಸೋಮವಾರದಿಂದ ಇಲ್ಲೇ ಇದೀರಲ್ಲ?"

"ಹೌದು ಸರ್."

"ಹಾಗಾದ್ರೆ ಅಲ್ಲಿ... ಈಗ... ಯಾರು ನೋಡ್ಕೋತಿದಾರೆ?"

ಇಪ್ಪತ್ತು ವರ್ಷದಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರಿಸುವ ಆತುರ ಅಕ್ಕನಿಗೆ ಇದ್ದಂತೆ ಕಾಣಲಿಲ್ಲ. ನೀರು ಕುಡಿದಳು, ಲೋಟ ಕೆಳಗಿಟ್ಟಳು. ಆಮೇಲೆ ಅವರೆಲ್ಲರ ತಲೆಯ ಮೇಲಿನಿಂದ ನೇರವಾಗಿ ನನ್ನನ್ನು ನೋಡಿದಳು.

"ಒಬ್ಬರನ್ನ ಕೂರಿಸಿ ಬಂದಿದೀನಿ ಸರ್. ಕೈ ಸುಮ್ನಿರಲ್ಲ ಅವರಿಗೆ. ಅದೇ ಭಯ."

೮

ಆದ್ದರಿಂದ ಈಗ ಯಂತ್ರಕೋಣೆಯಲ್ಲಿ ಕೂತಿರುವುದು ನಾನು.

ನಿರ್ದೇಶಕರು ಏನು ತೀರ್ಮಾನ ಮಾಡಿದರು ಎನ್ನುತ್ತೀರಿ. ನನಗೂ ತಿಳಿಯುವ ಆಸೆಯಿದೆ. ತಿಳಿಯಬೇಕಾದರೆ ಬರೆಯಬೇಕು, ಬರೆದರೆ ಏನಾದರೂ ಆಗುತ್ತದೆ, ಮತ್ತೆ ನಾನು ಬರೆದಲ್ಲೆಲ್ಲ ಏನೇನಾಯಿತೆಂದು ನೀವೇ ನೋಡಿದ್ದೀರಿ. ಆ ಹುಡುಗಿಯ ನಾಲ್ಕು ವರ್ಷ ಎಡಗಡೆಯ ಎರಡನೇ ಕಪಾಟಿನಲ್ಲಿದೆ. ಹಸಿರು ದೀಪಗಳು ಮಿಣುಕುತ್ತಿವೆ. ರೋಬೋ ಕೈ ಈಗಷ್ಟೇ ಒಂದು ಟೇಪನ್ನು ಎತ್ತಿ, ಅರ್ಧ ದಾರಿಯಲ್ಲಿ ತಡೆದು—

ಇಲ್ಲ, ಇಟ್ಟಿತು. ಅದರ ಜಾಗದಲ್ಲೇ ಇಟ್ಟಿತು.

ಪೆನ್ನು ಕೆಳಗಿಡುತ್ತಿದ್ದೇನೆ. ನೀವೂ ಅಷ್ಟೇ, ಪ್ಲೀಸ್, ಏನನ್ನೂ ಮುಟ್ಟಬೇಡಿ.