ಪುಂಡಿ ನಾರಿನ ಲಗ್ನಪತ್ರಿಕೆ

ಪುಂಡಿ ಸೊಪ್ಪನ್ನು ಪಲ್ಯ ಮಾಡಿ ತಿನ್ನುತ್ತೇವೆ. ಬಲಿತ ದಂಟಿನ ನಾರಿನಿಂದ ಒಂದಿಷ್ಟು ಹಗ್ಗ ಹೊಸೆಯುತ್ತೇವೆ. ಉಳಿದ ದಂಟನ್ನು ಬದುವಿನಲ್ಲೇ ಸುಟ್ಟುಬಿಡುತ್ತೇವೆ. ಆಮೇಲೆ ಕಾಡು ಕಡಿದು ಮಾಡಿದ ಕಾಗದವನ್ನು ಪೇಟೆಯಿಂದ ತರುತ್ತೇವೆ. ಇದು ಯಾವ ಜಾಣತನ?

ಮಟಕಿ ಊರಿನ ಜಗದೇವಪ್ಪನೂ ಹೀಗೇ ಸುಡುತ್ತಿದ್ದ. ಮಗಳು ಸುಭದ್ರೆಯ ಲಗ್ನ ಅಫಜಲಪುರದವರೊಂದಿಗೆ ಗೊತ್ತಾದಾಗ ಹೆಂಡತಿ ಕಸ್ತೂರಿಬಾಯಿ ಹಟ ಹಿಡಿದಳು.

"ಲಗ್ನಪತ್ರಿಕಿಗಿ ಪುಂಡಿ ನಾರಿನ ಕಾಗದ ನಾವ ಮಾಡ್ತೇವ್ರಿ. ಮಹಿಳಾ ಮಂಡಳದಾಗ ಕಲಿಯಾಕತ್ತೇವಿ."

"ಹುಚ್ಚಿ ಏನ್ ಬೇ? ದನಾ ಕಟ್ಟೋ ನಾರಿನ್ಯಾಗ ಪತ್ರಿಕಿ? ಬೀಗರು ಹಲ್ಲು ಕಿಸೀತಾರ!"

ತಾಯಿ, ಮಗಳು ಬಿಡಲಿಲ್ಲ. ಕೊನೆಗೆ ಜಗದೇವಪ್ಪ, "ದಂಟು ನೆನಿ ಹಾಕೋದು ನನಗ ಬಿಡ್ರಿ. ಪುಂಡಿ ವಿಷಯ ನನಗ್ಯಾರೂ ಕಲಿಸಬ್ಯಾಡ್ರಿ" ಎಂದ. ಹಗ್ಗ ಹೊಸೆಯುವ ಕೈ. ನಾರು ಇನ್ನೂ ಗಟ್ಟಿಯಿರುವಾಗಲೇ ದಂಟನ್ನು ನೀರಿನಿಂದ ತೆಗೆದ. ಕಾಗದದ ತುಂಬ ಗಂಟು ಬಂತು. ಆಳಂದದ ಪ್ರೆಸ್ಸಿನವರು ಅಕ್ಷರ ಕೂರುವುದಿಲ್ಲವೆಂದು ವಾಪಸು ಕಳಿಸಿದರು.

"ನಾ ಹೇಳಲಿಲ್ಲೇನು?" ಎಂದು ಜಗದೇವಪ್ಪ ಗುಡುಗಿದ.

ಮಂಡಳಕ್ಕೆ ಈ ಕೆಲಸ ಕಲಿಸುತ್ತಿದ್ದ ವಜೀರುನ್ನಿಸಾ ನಾರನ್ನು ಎಳೆದು ನೋಡಿ ನಕ್ಕಳು. "ಅಣ್ಣಾ, ಹಗ್ಗಕ್ಕ ತೆಗೆದಂಗ ತೆಗೆದೀರಿ. ನೀರಾಗ ಕಣ್ಣಿಗಿ ಕಾಣದ ಜೀವಾಣು ಇರ್ತಾವ. ನಾರಿನ ಅಂಟು ತಿಂದು ಅದನ್ನ ಮೆತ್ತಗ ಮಾಡೋರು ಅವರ. ನೀವು ಅವರನ್ನ ಅರ್ಧ ಊಟಕ್ಕ ಎಬ್ಬಿಸೀರಿ!"

"ಊಟಕ್ಕ ಕುಂತವರನ್ನ ಎಬ್ಬಿಸೋ ಮನಿತನ ನಮ್ದಲ್ಲ, ತಂಗಿ!"

ಜಗದೇವಪ್ಪ ಬಾವಿಯಿಂದ ದೂರ ಗುಂಡಿ ತೋಡಿ ಹೊಸ ದಂಟು ನೆನೆಹಾಕಿದ. ವಾಸನೆ ಎದ್ದಿತು. ನೆರೆಯ ಶಿವರಾಯ ಮೂಗು ಮುಚ್ಚಿಕೊಂಡು ಬಂದ.

"ಏನ್ ಕೊಳಿಯಾಕತ್ತದಲೇ?"

"ಊಟದ ಪಂಗತಿ ನಡದದ, ಸುಮ್ಮನ ಹೋಗಲೇ!"

ಈ ಸಲ ನಾರು ದಂಟಿನಿಂದ ತಾನಾಗಿ ಬಿಟ್ಟಿತು. ಬೂದಿನೀರಿನಲ್ಲಿ ಕುದಿಸಿ, ತೊಳೆದರು. ಸುಭದ್ರೆ ಒರಳಲ್ಲಿ ಹಿಟ್ಟಿನಂತೆ ಕುಟ್ಟಿದಳು. ಅದನ್ನು ನೀರಿಗೆ ಕದಡಿ, ಜಾಲರಿಯಲ್ಲಿ ತೆಳ್ಳಗೆ ಎತ್ತಿ ಒಣಗಿಸಿದರು. ಗಂಜಿ ಸವರಿ ನುಣ್ಣನೆಯ ಕಲ್ಲಿನಿಂದ ತಿಕ್ಕಿದರು. ಪ್ರೆಸ್ಸಿನಲ್ಲಿ ಅಕ್ಷರ ಮುತ್ತಿನಂತೆ ಮೂಡಿತು.

ಜಗದೇವಪ್ಪ ತಾನೇ ಅಫಜಲಪುರಕ್ಕೆ ಪತ್ರಿಕೆ ಒಯ್ದ. ಬೀಗ ದೌಲತರಾಯ ಅದನ್ನು ಬೆಳಕಿಗೆ ಹಿಡಿದ.

"ಭಾರಿ ಕಾಗದ! ಪುಣೆದಿಂದ ತರಿಸೀರೇನ್ರಿ?"

"ಇಲ್ರಿ. ನಮ್ಮ ಬದುವಿನ ಪುಂಡಿ. ನಿಮ್ಮ ಸೊಸಿ ಕುಟ್ಯಾಳ."

ದೌಲತರಾಯ ಮತ್ತೊಮ್ಮೆ ಕಾಗದ ಸವರಿದ. "ಹಂಗಾದ್ರ ನಮ್ಮ ಕಡಿ ಪತ್ರಿಕಿನೂ ಇದರಾಗ ಆಗಲಿ" ಎಂದ.

ಆಳಂದ, ಅಫಜಲಪುರ, ಜೇವರ್ಗಿಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪುಂಡಿ ದಂಟಿಗೆ ಬೆಂಕಿ ಹಚ್ಚಬೇಡಿ. ಕುಡಿಯುವ ನೀರಿನಲ್ಲಿ, ಹಳ್ಳದಲ್ಲಿ ನೆನೆಹಾಕಿ ನೀರು ಕೆಡಿಸಲೂಬೇಡಿ. ದೂರ ಗುಂಡಿ ತೋಡಿ, ಮಂಡಳ ಸೇರಿ, ಕಾಗದ ಮಾಡುವುದನ್ನು ಕಲಿಯಿರಿ. ಒಂದು ಮರವನ್ನೂ ಕಡಿಯದ ಕಾಗದ ನಿಮ್ಮ ಹೊಲದಲ್ಲೇ ನಿಂತಿದೆ. ಎದ್ದು ಹೋಗಿ ಕೊಯ್ದು ತನ್ನಿ!